ಕೆರೆ ಅಭಿವೃದ್ಧಿ ಆಯಿತಂತೆ, ಒಳಗೆ ಯಾರಿದ್ದಾರೆ?

ಬೆಂಗಳೂರಿನಲ್ಲಿ ಕೆರೆಯೊಂದು ಅಭಿವೃದ್ಧಿಯಾಗಿದೆ ಎಂದರೆ ಏನೆಂದು ಈಗ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸುತ್ತ ಚೈನ್‌ಲಿಂಕ್ ಬೇಲಿ, ಏರಿಯ ಮೇಲೆ ವಾಕಿಂಗ್ ಟ್ರ್ಯಾಕ್, ಮೂಲೆಯಲ್ಲಿ ಓಪನ್ ಜಿಮ್, ಗಣಪತಿ ಬಿಡಲು ಕಲ್ಯಾಣಿ, ನಡುವೆ ಕಾರಂಜಿ, ಗೇಟಿನ ಹತ್ತಿರ ಶಾಸಕರ ಫೋಟೊ ಇರುವ ಫಲಕ. ಫಲಕದಲ್ಲಿ ಎಷ್ಟು ಕೋಟಿ ಎಂದಿರುತ್ತದೆ. ನೀರಿನೊಳಗೆ ಏನು ಬದುಕಿದೆ ಎಂದಿರುವುದಿಲ್ಲ. ಕೇಳಿದರೆ, ಅದೆಲ್ಲ ಕಾಲೇಜು ಮೇಷ್ಟ್ರುಗಳ ವಿಷಯ, ಕೆಲಸ ಮಾಡೋರಿಗೆ ಅಡ್ಡ ಬರಬೇಡಿ ಎಂಬ ಧಾಟಿ. ಎಂಜಿನಿಯರುಗಳು ಹೀಗಂದರೆ ಸಹಿಸಬಹುದಿತ್ತು, ಅವರು ಓದಿದ್ದು ಸಿಮೆಂಟು. ಈಗ ಕೆರೆ ಉಳಿಸುತ್ತೇವೆಂದು ಟೀಶರ್ಟ್ ಹಾಕಿಕೊಂಡು ಭಾನುವಾರ ಬರುವವರೂ ಇದನ್ನೇ ಹೇಳತೊಡಗಿದ್ದಾರೆ.

ಮೊದಲು ಸರ್ಕಾರದ ಲೆಕ್ಕದ ಪುಸ್ತಕ ತೆಗೆಯೋಣ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಎ ಇಂದ ಇ ವರೆಗೆ ಐದು ದರ್ಜೆ ಮಾಡಿದೆ. ನಮ್ಮ ಕೆರೆಗಳು ಡಿ ದರ್ಜೆ, ಇ ದರ್ಜೆ ಎಂದು ಪತ್ರಿಕೆಯಲ್ಲಿ ಓದುತ್ತೀರಲ್ಲ, ಅದು ಇದೇ. ಪಟ್ಟಿಯಲ್ಲಿ ಪಿಎಚ್ ಇದೆ, ಕರಗಿದ ಆಮ್ಲಜನಕ ಇದೆ, ಬಿಒಡಿ ಇದೆ, ಅಮೋನಿಯಾ ಇದೆ. ಜೀವಿ ಎಂದು ಎಣಿಸುವುದು ಒಂದನ್ನೇ: ಕೋಲಿಫಾರ್ಮ್ ಬ್ಯಾಕ್ಟೀರಿಯಾ. ಅಂದರೆ ಕೆರೆಯಲ್ಲಿ ಇವರಿಗೆ ಕಾಣುವ ಏಕೈಕ ಪ್ರಾಣ ನಮ್ಮದೇ ಕಕ್ಕಸಿನಿಂದ ಹೋದದ್ದು! ಅದನ್ನೂ ಕೇಳುವುದು ಮೊದಲ ಮೂರು ದರ್ಜೆಗೆ. ವನ್ಯಜೀವಿಗೂ ಮೀನುಗಾರಿಕೆಗೂ ಯೋಗ್ಯ ಎಂಬ ಬಿರುದು ಹೊತ್ತ ಡಿ ದರ್ಜೆಗೆ ಪಿಎಚ್ ಸರಿಯಿದ್ದು, ಅಮೋನಿಯಾ ಮಿತಿಯಲ್ಲಿದ್ದು, ಲೀಟರಿಗೆ 4 ಮಿಲಿಗ್ರಾಂ ಆಮ್ಲಜನಕ ಇದ್ದರಾಯಿತು. ಒಂದೇ ಒಂದು ಜೀವಿಯನ್ನೂ ಎಣಿಸಬೇಕಾಗಿಲ್ಲ. ವನ್ಯಜೀವಿಗೆ ಯೋಗ್ಯ, ಆದರೆ ಜೀವಿ ಇದೆಯೇ ಎಂದು ಕೇಳುವಂತಿಲ್ಲ.

ಎಣಿಸಬೇಕಾದವರು ಯಾರು? ಪ್ರಾಣಿಪ್ಲವಕಗಳು. ಕೆರೆ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ. ಆರೋಗ್ಯವಾಗಿರುವ ಕೆರೆಯಾದರೆ ಸಾಸಿವೆಗಿಂತ ಚಿಕ್ಕ ಚುಕ್ಕಿಗಳು ಕುಪ್ಪಳಿಸುತ್ತ ಮೇಲೆ ಕೆಳಗೆ ಹೋಗುತ್ತಿರುತ್ತವೆ. ಡಾಫ್ನಿಯಾ, ಮೊಯ್ನಾ, ಸೀರಿಯೊಡಾಫ್ನಿಯಾ. ಅಕ್ವೇರಿಯಂ ಇಟ್ಟವರಿಗೆ ಇವು ಮೀನಿನ ಮರಿಯ ಆಹಾರವಾಗಿ ಗೊತ್ತು. ಶಾಲೆಯ ಮೈಕ್ರೋಸ್ಕೋಪಿನ ಕೆಳಗಿಟ್ಟರೂ ಸಾಕು, ಪಾರದರ್ಶಕ ಚಿಪ್ಪಿನೊಳಗೆ ಗುಂಡಿಗೆ ಪಟಪಟ ಬಡಿಯುವುದು ಕಾಣುತ್ತದೆ, ಕರುಳಲ್ಲಿ ಅದು ತಿಂದ ಪಾಚಿಯ ಹಸಿರು ಗೆರೆ ಕಾಣುತ್ತದೆ. ಆ ಹಸಿರು ಗೆರೆಯಲ್ಲೇ ಇಡೀ ವಿಷಯ ಇದೆ. ಇವು ಹಗಲೂ ರಾತ್ರಿ ನೀರು ಸೋಸಿ ಪಾಚಿ ತಿನ್ನುತ್ತವೆ. ವಿದ್ಯುತ್ ಬಿಲ್ ಇಲ್ಲ, ವಾರ್ಷಿಕ ನಿರ್ವಹಣಾ ಗುತ್ತಿಗೆ ಇಲ್ಲ. ಬಹುಶಃ ಅದೇ ಇವುಗಳ ದೊಡ್ಡ ದೋಷ. ಕಮಿಷನ್ ಹುಟ್ಟದ ಕಡೆ ಆಸಕ್ತಿ ಹುಟ್ಟುವುದು ಹೇಗೆ?

ಇವು ಹೋದ ಕೆರೆಯಲ್ಲಿ ಏನಾಗುತ್ತದೆ ನೋಡಿ. ಕೊಳಚೆಯನ್ನು ಶುದ್ಧೀಕರಿಸಿದ್ದೇವೆ ಎಂದು ಘಟಕದಿಂದ ಬಿಡುವ ನೀರಿನಲ್ಲೂ ಸಾರಜನಕ, ರಂಜಕ ಉಳಿದೇ ಇರುತ್ತವೆ. ಪಾಚಿಗೆ ಅದು ಮೃಷ್ಟಾನ್ನ. ತಿನ್ನುವವರಿಲ್ಲದ ಪಾಚಿ ಕೆರೆಯನ್ನು ಬಟಾಣಿ ಸಾರು ಮಾಡುತ್ತದೆ. ಬಿಸಿಲಿರುವಾಗ ಅದು ಆಮ್ಲಜನಕ ಬಿಡುತ್ತದೆ, ಕತ್ತಲಾದ ಮೇಲೆ ಹೀರುತ್ತದೆ. ಹಾಗಾಗಿ ಹಗಲು ಹನ್ನೊಂದು ಗಂಟೆಗೆ, ತಿಂಡಿ ಮುಗಿಸಿ ಜೀಪಿನಲ್ಲಿ ಬಂದು ಬಾಟಲಿ ತುಂಬಿಸಿದರೆ ಆಮ್ಲಜನಕ ಬೇಕಾದಷ್ಟು ಸಿಗುತ್ತದೆ. ಕೊಳೆತ ಕೆರೆಗೂ ಫಸ್ಟ್ ಕ್ಲಾಸು. ಅದೇ ನೀರಿನಲ್ಲಿ ಬೆಳಗಿನ ಜಾವ ಮೀನು ಉಸಿರಿಗಾಗಿ ಮೇಲೆ ಬಂದು ಬಾಯಿ ತೆರೆಯುತ್ತಿರುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ಎಲ್ಲರೂ ಬೆಚ್ಚಿಬಿದ್ದರು. ಆಮೇಲೆ? ಏರೇಟರ್, ಕಾರಂಜಿ, ನೀರಿಗೆ ಎಸೆಯುವ ಬ್ಯಾಕ್ಟೀರಿಯಾ ಪುಡಿ, ಉಂಡೆ. ಕೆರೆಗೆ ಉಂಡೆ ಎಸೆದು ಫೋಟೊ ತೆಗೆಸಿಕೊಳ್ಳುವುದು ಈಗ ಸಿಎಸ್‌ಆರ್ ಸೇವೆ.

ಇನ್ನು ಮೀನಿನ ವಿಷಯ. ಕೆರೆ ತುಂಬಿದ ಕೂಡಲೇ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕುವುದು ರೂಢಿ. ಗುತ್ತಿಗೆದಾರ ಬಿಡುವುದರಲ್ಲಿ ಮುಖ್ಯವಾದದ್ದು ಕಾಟ್ಲಾ. ಕಾಟ್ಲಾದ ಆಹಾರ ಏನು ಗೊತ್ತೇ? ನೀರಿನ ಮೇಲ್ಪದರದ ಪ್ರಾಣಿಪ್ಲವಕ. ಜೊತೆಗೆ ಯಾರೂ ಕರೆಯದೆ ಬಂದ ತಿಲಾಪಿಯ ಬೇರೆ. ಒಂದು ಕೈಯಲ್ಲಿ ಪಾಚಿ ತಿನ್ನುವವರನ್ನು ತಿನ್ನುವ ಮೀನು ಬಿಟ್ಟು, ಇನ್ನೊಂದು ಕೈಯಲ್ಲಿ ಪಾಚಿ ತೆಗೆಯಲು ಟೆಂಡರ್ ಕರೆಯುವ ಜಾಣತನ ನಮ್ಮದು. ಇದೇನೂ ನಿನ್ನೆ ಗೊತ್ತಾದ ವಿಜ್ಞಾನವಲ್ಲ. ಅಮೆರಿಕದ ಕನೆಕ್ಟಿಕಟ್‌ನ ಕ್ರಿಸ್ಟಲ್ ಲೇಕ್ ಎಂಬ ಸರೋವರಕ್ಕೆ ಹೆರಿಂಗ್ ಜಾತಿಯ ಮೀನು ಸೇರುವ ಮೊದಲು, 1942ರಲ್ಲಿ, ಹೆಚ್ಚು ಪಾಚಿ ಸೋಸುವ ದೊಡ್ಡ ಗಾತ್ರದ ಪ್ಲವಕಗಳಿದ್ದವು. ಮೀನು ಬಂದ ಮೇಲೆ, 1964ರಲ್ಲಿ ನೋಡಿದರೆ ಚಿಕ್ಕವಷ್ಟೇ ಉಳಿದಿದ್ದವು. ಬ್ರೂಕ್ಸ್ ಮತ್ತು ಡಾಡ್ಸನ್ 1965ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅರವತ್ತು ವರ್ಷವಾಯಿತು. ನಮ್ಮ ಡಿಪಿಆರ್ ಬರೆಯುವವರಿಗೆ ಅಂಚೆ ಇನ್ನೂ ತಲುಪಿಲ್ಲ.

ಅದೆಲ್ಲ ತಂಪು ದೇಶದ ಮಾತು, ನಮ್ಮ ಬಿಸಿ ನೀರಿನಲ್ಲಿ ದೊಡ್ಡ ಡಾಫ್ನಿಯಾ ನಿಲ್ಲುವುದಿಲ್ಲ ಎಂದು ಕೆಲವರು ತರ್ಕ ತೆಗೆಯುತ್ತಾರೆ. ಯುರೋಪಿನ ಕಾರಂಜಿ ಬೇಕು, ಯುರೋಪಿನ ಲ್ಯಾಂಡ್‌ಸ್ಕೇಪ್ ಬೇಕು, ವಿಜ್ಞಾನ ಬಂದ ಕೂಡಲೇ ಹವಾಮಾನ ನೆನಪಾಗುತ್ತದೆ. ಇಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಇಲ್ಲ ಎಂದು ತಿಳಿಯಬೇಕಾದರೆ ಎಣಿಸಬೇಕು ಸ್ವಾಮಿ. ಬರೀ ಅತಿ ಸಣ್ಣ ಪ್ಲವಕಗಳಾದ ಬ್ರಾಕಿಯೋನಸ್ ಜಾತಿಯ ರೋಟಿಫರ್‌ಗಳೇ ಕಿಕ್ಕಿರಿದಿದ್ದರೆ ಅದೂ ಒಂದು ವರದಿಯೇ, ಕೆರೆಗೆ ಗೊಬ್ಬರ ಅತಿಯಾಗಿದೆ ಎಂಬ ವರದಿ.

ಎಲ್ಲಕ್ಕಿಂತ ಕೆಟ್ಟದ್ದು ಹೂಳೆತ್ತುವ ರೀತಿ. ಬೆಳ್ಳಂದೂರಿನ ಮಾತು ಬೇರೆ, ಒಪ್ಪುತ್ತೇನೆ. 2018ರ ಜನವರಿಯಲ್ಲಿ ಆ ಕೆರೆಗೆ ಬೆಂಕಿ ಬಿದ್ದು ಆರಿಸಲು ಸೈನಿಕರು ಬಂದರು, ಅದೇ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ತೆಗೆದಿಡಿ ಎಂದಿತು. ಅಲ್ಲಿನ ವಿಷದ ಕೆಸರು ಹೋಗಲೇಬೇಕು. ಆದರೆ ಊರೂರಿನ ಪುಟ್ಟ ಕೆರೆಗೂ ಜೆಸಿಬಿ ಇಳಿಸಿ, ಅಂಚಿನ ಜೊಂಡು ಕಿತ್ತು, ಏರುತಗ್ಗು ಸಮ ಮಾಡಿ, ಗಟ್ಟಿ ನೆಲ ಸಿಗುವತನಕ ಕೆರೆದು ಬಟ್ಟಲು ಮಾಡುತ್ತಾರಲ್ಲ, ಏನು ಎತ್ತಿ ಹಾಕುತ್ತಿದ್ದೇವೆಂದು ಇವರಿಗೆ ಗೊತ್ತೇ? ಕಷ್ಟಕಾಲ ಬಂದಾಗ ಡಾಫ್ನಿಯಾ ಕುಲದವು ಗಟ್ಟಿ ಕವಚದ ಮೊಟ್ಟೆ ಇಡುತ್ತವೆ. ಅವು ಕೆಸರಿನಲ್ಲಿ ದಶಕಗಟ್ಟಲೆ ಮಲಗಿದ್ದು ನೀರು ಸರಿಹೋದಾಗ ಒಡೆಯುತ್ತವೆ. ಕೆರೆ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳಲು ಇಟ್ಟುಕೊಂಡ ಬೀಜ ಅದು. ಲಾರಿ ಲೋಡಿಗಿಷ್ಟು ಎಂದು ಅದನ್ನು ಸಾಗಿಸಿ, ಸೈಟು ಮಟ್ಟ ಮಾಡಲು ಸುರಿದು, ಕೆರೆಗೆ ಜೀವ ತುಂಬಿದೆವು ಎಂದು ಬ್ಯಾನರ್ ಕಟ್ಟುತ್ತಾರೆ. ನಾಲ್ಕು ಮೂಟೆ ಹಳೆಯ ಕೆಸರು ಪಕ್ಕಕ್ಕಿಟ್ಟು ಆಮೇಲೆ ವಾಪಸ್ ಹರಡಬೇಕು ಎಂಬ ಷರತ್ತು ಯಾವ ಟೆಂಡರಿನಲ್ಲಿದೆ, ತೋರಿಸಲಿ. ಹಿಂದೆ ರೈತರೂ ಬೇಸಿಗೆಯಲ್ಲಿ ಕೆರೆಗೋಡು ಹೊಡೆಯುತ್ತಿದ್ದರು. ಒಣಗಿದ ಕಡೆ ಮಾತ್ರ, ಗಾಡಿಗೆ ಸಿಕ್ಕಷ್ಟು. ಇಡೀ ಹೊಟ್ಟೆ ಬಗೆಯುತ್ತಿರಲಿಲ್ಲ.

ಆ ರೈತನಿಗೆ ಈಗ ಬೇಲಿಯೊಳಗೆ ಪ್ರವೇಶವಿಲ್ಲ, ಅದು ಬೇರೆ ಮಾತು. ಹುಲ್ಲು ಕೊಯ್ಯುವವಳಿಗೆ ಇಲ್ಲ, ದನಕ್ಕೆ ಇಲ್ಲ, ಬಟ್ಟೆ ಒಗೆಯುವವರಿಗೆ ಇಲ್ಲ. ಇಯರ್‌ಫೋನ್ ಹಾಕಿ ನಡೆಯುವವರಿಗೆ ಉಂಟು. ಕೆರೆಯೆಂದರೆ ಎದುರಿನ ಫ್ಲ್ಯಾಟಿನ ಬೆಲೆ ಏರಿಸುವ ನೋಟ, ಅಷ್ಟೇ. ಇದೇ ಬುದ್ಧಿ 2025ರಲ್ಲಿ ವಿಧಾನಸೌಧದೊಳಕ್ಕೂ ಹೋಗಿ, ಕಟ್ಟಡ ಕಟ್ಟಬಾರದ ಕೆರೆಯಂಚಿನ 30 ಮೀಟರ್ ಮೀಸಲನ್ನು ಸಣ್ಣ ಕೆರೆಗಳಿಗೆ ಕಡಿಮೆ ಮಾಡುವ ಮಸೂದೆಯಾಗಿ ಹೊರಬಂತು. ಜೊಂಡು ಬೆಳೆಯುವುದು, ಪ್ಲವಕಗಳು ಮೀನಿನಿಂದ ತಪ್ಪಿಸಿಕೊಂಡು ಅಡಗುವುದು ಆ ಅಂಚಿನ ಆಳವಿಲ್ಲದ ನೀರಿನಲ್ಲೇ. ಅಂಚಿಗೇ ಕಟ್ಟಡ ಬಂದರೆ ಅಲ್ಲಿ ಮೊದಲು ಏಳುವುದು ತಡೆಗೋಡೆ. ಈ ನಡುವೆ ಬೆಂಗಳೂರಿನ ಪಾಲಿಕೆ ಒಂದಿದ್ದದ್ದು ಐದಾಯಿತು. ಐದರಲ್ಲೂ ಸಿವಿಲ್ ಎಂಜಿನಿಯರುಗಳಿಗೆ ಬರವಿರುವುದಿಲ್ಲ. ಪ್ರಾಣಿಶಾಸ್ತ್ರ ಎಂಎಸ್ಸಿ ಮಾಡಿದ ಹುಡುಗಿಯೊಬ್ಬಳಿಗೆ ಒಂದು ಕುರ್ಚಿ ಇದೆಯೇ?

ದುಡ್ಡಿಲ್ಲ ಎನ್ನಬೇಡಿ. ಬೇಕಾದದ್ದು ಸಣ್ಣ ಕಣ್ಣಿನ ಬಟ್ಟೆಯ ಒಂದು ಬಲೆ, ಮೈಕ್ರೋಸ್ಕೋಪು, ಒಂದು ಮಿಲಿಲೀಟರ್ ನೀರು ಹಿಡಿಸುವ ಎಣಿಕೆ ಸ್ಲೈಡು, ಹಗ್ಗಕ್ಕೆ ಕಟ್ಟಿದ ಕಪ್ಪು ಬಿಳುಪಿನ ತಟ್ಟೆ. ಇಂಥದೇ ಒಂದು ಬಿಳಿ ತಟ್ಟೆಯನ್ನು ಸೆಕಿ ಎಂಬ ಇಟಲಿಯ ಪಾದ್ರಿ 1865ರಲ್ಲೇ ನೀರಿಗಿಳಿಸಿ, ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆಂದು ನೋಡಿದ್ದ. ಕಾರಂಜಿಗೆ ಸುರಿಯುವ ದುಡ್ಡಿನಲ್ಲಿ ಎಷ್ಟೋ ಕೆರೆಗೆ ಇದೆಲ್ಲ ಬರುತ್ತದೆ. ಪ್ರತಿ ತಿಂಗಳೂ ಎಣಿಸಿ, ಶಾಸಕರ ಫೋಟೊ ಕೆಳಗೇ ಬರೆಯಿರಿ: ಡಾಫ್ನಿಯಾ ಎಷ್ಟು, ಮೊಯ್ನಾ ಎಷ್ಟು, ತಟ್ಟೆ ಎಷ್ಟು ಅಡಿಗೆ ಮಾಯವಾಯಿತು. ಆಮ್ಲಜನಕದ ಸ್ಯಾಂಪಲ್ಲಿಗೆ ಬೆಳಗಿನ ಜಾವ ಐದಕ್ಕೆ ಬನ್ನಿ. ಗೇಟು ತೆಗೆಯುವುದೇ ಆರಕ್ಕೆ ಎನ್ನುವಿರಾದರೆ, ಬೀಗದ ಕೈ ಇರುವುದು ನಿಮ್ಮ ಹತ್ತಿರವೇ ಅಲ್ಲವೇ?