ಹನ್ನೆರಡು ಶಬ್ದಗಳ ಅಮಾನತ್



ಕಳೆದ ರಮಝಾನಿಗೆ ಸ್ವಲ್ಪ ಮೊದಲು, ಒಂದು ದಿನ ಅಸರ್ ನಮಾಝ್ ಮುಗಿಸಿ ಕುಳಿತಿದ್ದಾಗ ಪರಿಚಯದ ಸಹೋದರಿಯೊಬ್ಬರು ಮನೆಗೆ ಬಂದರು. ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಹಳೆಯ ಮೊಬೈಲ್, ಜೊತೆಗೊಂದು ಡೈರಿ. ಅವರ ಪತಿ ದುಬೈಯಲ್ಲಿ ದುಡಿಯುತ್ತಿದ್ದವರು. ಎರಡು ವರ್ಷಗಳ ಹಿಂದೆ ಹೃದಯಾಘಾತದಿಂದ ತೀರಿಹೋದರು.

"ಟೀಚರ್, ಇದರಲ್ಲಿ ಬಿಟ್‌ಕಾಯಿನ್ ಇದೆ ಅಂತ ಅವರು ಒಮ್ಮೆ ಹೇಳಿದ್ದರು. ನಾನು ಅಷ್ಟಾಗಿ ಗಮನ ಕೊಡಲಿಲ್ಲ. ಈಗ ಆ್ಯಪ್ ತೆರೆಯುವುದೇ ಇಲ್ಲ. ಇಪ್ಪತ್ತು ಸಾವಿರ ಕೊಟ್ಟರೆ ತೆಗೆದುಕೊಡುತ್ತೇನೆ ಅಂತ ಫೋನಿನಲ್ಲಿ ಒಬ್ಬರು ಹೇಳುತ್ತಿದ್ದಾರೆ. ಡೈರಿಯಲ್ಲಿರುವ ಇಂಗ್ಲಿಷ್ ಶಬ್ದಗಳ ಫೋಟೋ ಕಳಿಸಬೇಕಂತೆ. ಕಳಿಸಲಾ?"

ಅವರು ಇನ್ನೂ ಕಳಿಸಿರಲಿಲ್ಲ. ಅಲ್‌ಹಮ್ದುಲಿಲ್ಲಾಹ್!

ಡೈರಿ ತೆರೆದು ನೋಡಿದೆ. ವಿಮಾನದ ಟಿಕೆಟಿನ ಲೆಕ್ಕ ಮತ್ತು ಯಾವುದೋ ಡಾಕ್ಟರರ ನಂಬರಿನ ನಡುವೆ ಒಂದಕ್ಕೊಂದು ಸಂಬಂಧವಿಲ್ಲದ ಹನ್ನೆರಡು ಇಂಗ್ಲಿಷ್ ಶಬ್ದಗಳು. ಮಕ್ಕಳು ಸ್ಪೆಲ್ಲಿಂಗ್ ಬರೆದು ಕಲಿತಂತೆ ಕಾಣುತ್ತಿತ್ತು. ಈ ವಿಷಯ ನನಗೂ ಹೊಸತು. ಇಂಜಿನಿಯರಿಂಗ್ ಓದಿರುವ ತಂಗಿಯ ಮಗನನ್ನು ಕರೆಸಿದೆ. ಅವನು ಹೇಳಿದ್ದನ್ನು ನನಗೆ ಅರ್ಥವಾದಷ್ಟು ನಿಮಗೂ ಹೇಳುತ್ತೇನೆ.

ವಾಲೆಟ್ ಎಂದರೆ ಪರ್ಸ್ ತಾನೇ? ಆದರೆ ಈ ಪರ್ಸಿನಲ್ಲಿ ಹಣವಿರುವುದಿಲ್ಲ. ಯಾವ ವಿಳಾಸದಲ್ಲಿ ಎಷ್ಟು ನಾಣ್ಯವಿದೆ ಎಂಬ ಲೆಕ್ಕದ ಪುಸ್ತಕ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿದೆ. ಮೊಬೈಲಿನಲ್ಲಿರುವುದು ಅದರ ಕೀಲಿಕೈ ಮಾತ್ರ. 2013ರಲ್ಲಿ ಬಂದ ಪದ್ಧತಿಯೊಂದರಲ್ಲಿ ಆ ಕೀಲಿಕೈಯನ್ನು 2048 ಶಬ್ದಗಳ ಪಟ್ಟಿಯಿಂದ ಆರಿಸಿದ 12 ಅಥವಾ 24 ಶಬ್ದಗಳಾಗಿ ಬರೆದಿಡಬಹುದು. ಆದುದರಿಂದ ಆ್ಯಪ್ ನಿಂತುಹೋದರೂ ಹಣ ಹೋಗುವುದಿಲ್ಲ. ಮಲ್ಟಿಬಿಟ್ ಎಂಬ ಹೆಸರುವಾಸಿ ವಾಲೆಟ್ 2017ರಲ್ಲಿ ನಿಂತುಹೋಯಿತು. ಅದನ್ನು ಬಳಸುತ್ತಿದ್ದವರ ನಾಣ್ಯಗಳು ಇದ್ದಲ್ಲೇ ಉಳಿದವು. ಆದರೆ ಆ ಶಬ್ದಗಳು ಯಾರ ಕೈಗೆ ಸಿಗುತ್ತವೆಯೋ ನಾಣ್ಯಗಳೂ ಅವರ ಕೈಗೆ ಹೋದಂತೆಯೇ. ಕಳ್ಳನಿಗೆ ಫೋನ್ ಬೇಡ, ಸಹಿ ಬೇಡ, ಒಟಿಪಿ ಬೇಡ. ಇಪ್ಪತ್ತು ಸಾವಿರ ಕೇಳಿದವನಿಗೆ ಆ ಇಪ್ಪತ್ತು ಸಾವಿರವೂ ನಿಜವಾಗಿ ಬೇಕಿರಲಿಲ್ಲ.

ಹುಡುಗ ಆಕೆಯ ಮನೆಯಲ್ಲಿ, ಆಕೆಯ ಕಣ್ಣೆದುರಿಗೇ ಕೆಲಸ ಮಾಡಿದ. ಈಗ ಚಾಲ್ತಿಯಲ್ಲಿರುವ ವಾಲೆಟೊಂದನ್ನು ಅದನ್ನು ತಯಾರಿಸಿದವರದೇ ತಾಣದಿಂದ ಇಳಿಸಿಕೊಂಡು ಹನ್ನೆರಡು ಶಬ್ದಗಳನ್ನು ಕ್ರಮ ತಪ್ಪದಂತೆ ಹಾಕಿದ. ಶಬ್ದಗಳನ್ನು ಅದು ಒಪ್ಪಿತು. ಬಾಕಿ ಸೊನ್ನೆ! ಆಕೆಯ ಮುಖ ಬಾಡಿಹೋಯಿತು. ನಾನೂ 'ಇನ್ನಾಲಿಲ್ಲಾಹಿ' ಅಂದುಕೊಂಡೆ. ಅವನು ಮಾತ್ರ ಗಾಬರಿಯಾಗಲಿಲ್ಲ. ಹಳೆಯ ವಾಲೆಟುಗಳು 1 ಎಂಬ ಅಂಕೆಯಿಂದ ಆರಂಭವಾಗುವ ವಿಳಾಸಗಳನ್ನು ಕೊಡುತ್ತಿದ್ದವಂತೆ. ಹೊಸತರಲ್ಲಿ 'ಬಿಸಿ1' ಎಂದು ಆರಂಭವಾಗುತ್ತದೆ. ಶಬ್ದಗಳು ಅವೇ ಆದರೂ ಹೊಸ ವಾಲೆಟ್ ಬೇರೆ ಕೋಣೆಯಲ್ಲಿ ಹುಡುಕುತ್ತಿತ್ತು. ಹಳೆಯ ಬಗೆಯ ವಿಳಾಸವನ್ನು ಆರಿಸಿದೊಡನೆ ಮೊತ್ತ ಕಾಣಿಸಿತು. ಕೋಟಿಯೇನೂ ಅಲ್ಲ. ಆದರೆ ಒಬ್ಬಳೇ ಮಗಳನ್ನು ಸಾಕುತ್ತಿರುವ ತಾಯಿಗೆ ಅದು ದೊಡ್ಡ ಮೊತ್ತವೇ.

ಶಬ್ದಗಳನ್ನು ಬರೆದಿಡದಿದ್ದರೆ? ಯುರೋಪಿನ ಒಬ್ಬ ವ್ಯಕ್ತಿ 2013ರಲ್ಲಿ 43.6 ಬಿಟ್‌ಕಾಯಿನ್ ಇದ್ದ ವಾಲೆಟಿಗೆ ರೋಬೋಫಾರ್ಮ್ ಎಂಬ ಸಾಫ್ಟ್‌ವೇರಿನಿಂದ 20 ಅಕ್ಷರಗಳ ಪಾಸ್‌ವರ್ಡ್ ಮಾಡಿಸಿ ಹಾಕಿದರು. ಅದನ್ನಿಟ್ಟಿದ್ದ ಫೈಲ್ ಕೆಟ್ಟುಹೋಯಿತು. ಹತ್ತು ವರ್ಷ ಹಣ ಬೀಗದೊಳಗೇ ಉಳಿಯಿತು. ಅಮೆರಿಕದ ತಂತ್ರಜ್ಞ ಜೋ ಗ್ರ್ಯಾಂಡ್ ಮತ್ತು ಜರ್ಮನಿಯ ಅವರ ಮಿತ್ರ ಆ ಸಾಫ್ಟ್‌ವೇರಿನ ಹಳೆಯ ಆವೃತ್ತಿಯಲ್ಲಿ ಒಂದು ದೋಷ ಕಂಡುಹಿಡಿದರು. ಅದು ಕೊಡುತ್ತಿದ್ದ ಪಾಸ್‌ವರ್ಡ್ ಕಂಪ್ಯೂಟರಿನ ಗಡಿಯಾರಕ್ಕೆ ಅಂಟಿಕೊಂಡಿತ್ತು. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಅಂದಿನ ಪಾಸ್‌ವರ್ಡೇ ಮತ್ತೆ ಬರುತ್ತಿತ್ತು! ಆದರೂ ಮೊದಲು ಫಲಿಸಲಿಲ್ಲ. ಪಾಸ್‌ವರ್ಡಿನಲ್ಲಿ ವಿಶೇಷ ಚಿಹ್ನೆಗಳಿದ್ದವು ಎಂಬ ಮಾಲಕರ ನೆನಪೇ ತಪ್ಪಾಗಿತ್ತು. ಕೊನೆಗೆ 2023ರ ನವೆಂಬರಿನಲ್ಲಿ ಸಿಕ್ಕಿತು. ಅದು ತಯಾರಾದದ್ದು 2013ರ ಮೇ 15ರಂದು, ಗ್ರೀನಿಚ್ ಸಮಯ ಸಂಜೆ 4 ಗಂಟೆ 10 ನಿಮಿಷ 40 ಸೆಕೆಂಡಿಗೆ. ಆ ದೋಷ ಇರದಿದ್ದರೆ ಅಷ್ಟು ನಿಪುಣರಿಂದಲೂ ಅದು ಸಾಧ್ಯವಾಗುತ್ತಿರಲಿಲ್ಲ. ಇನ್ನು ಬ್ರಿಟನ್ನಿನ ನ್ಯೂಪೋರ್ಟಿನಲ್ಲಿ 2013ರಲ್ಲಿ ಕಸದ ರಾಶಿಗೆ ಸೇರಿದ ಜೇಮ್ಸ್ ಹೊವೆಲ್ಸ್‌ರ ಹಾರ್ಡ್‌ಡಿಸ್ಕ್ ಈಗಲೂ ಅಲ್ಲೇ ಇದೆ ಎಂದು ಅವರು ನಂಬಿದ್ದಾರೆ. 2025ರ ಜನವರಿಯಲ್ಲಿ ಹೈಕೋರ್ಟ್ ಅವರ ದಾವೆಯನ್ನು ವಜಾ ಮಾಡಿತು.

ಆದುದರಿಂದ ಹಳೆಯ ಫೋನನ್ನು ಗುಜರಿಗೆ ಕೊಡಬೇಡಿ, ರಿಸೆಟ್ ಮಾಡಿಸಬೇಡಿ. ಖಾತೆ ಯಾವುದಾದರೂ ವಿನಿಮಯ ಕಂಪೆನಿಯಲ್ಲಿದ್ದರೆ ದಾರಿ ಬೇರೆ. ಮರಣ ಪ್ರಮಾಣಪತ್ರ ಮತ್ತು ವಾರಸುದಾರರ ದಾಖಲೆಗಳೊಂದಿಗೆ ಆ ಕಂಪೆನಿಗೆ ಅರ್ಜಿ ಕೊಡಬೇಕು. ಸ್ವಂತ ವಾಲೆಟಿಗೆ ಮುಖ್ಯ ಕಚೇರಿ ಎಂಬುದೇ ಇಲ್ಲ. 'ಕಚೇರಿಯಿಂದ ಮಾತಾಡುತ್ತಿದ್ದೇವೆ' ಎಂದವನು ಮೋಸಗಾರ. ಹಣ ಕೊಟ್ಟುಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಬಿಟ್‌ಕಾಯಿನ್ ಕೊಳ್ಳುವುದು ಜಾಯಿಝೇ ಎಂದು ನೀವು ಕೇಳಬಹುದು. ತುರ್ಕಿಯ ಧಾರ್ಮಿಕ ಇಲಾಖೆ 2017ರಲ್ಲಿ ಅದು ಸೂಕ್ತವಲ್ಲ ಎಂದಿತು. ಇಂಡೋನೇಶ್ಯದ ಉಲಮಾ ಮಂಡಳಿ 2021ರಲ್ಲಿ ಅದನ್ನು ಚಲಾವಣೆಯ ಹಣವಾಗಿ ಬಳಸುವುದು ಹರಾಮ್ ಎಂದಿತು. ಅನುಮತಿಸುವ ವಿದ್ವಾಂಸರೂ ಇದ್ದಾರೆ. ನನಗಂತೂ ಅದರ ಏರಿಳಿತ ನೋಡಿದರೆ ಮನಸ್ಸು ಒಪ್ಪುವುದಿಲ್ಲ. ಆದರೆ ಈ ಸಹೋದರಿಯ ಎದುರಿಗಿದ್ದ ಪ್ರಶ್ನೆ ಅದಾಗಿರಲಿಲ್ಲ.

ಮೊತ್ತ ಕಂಡ ಮರುದಿನವೇ ಮೈದುನ ಬಂದ. "ಅತ್ತಿಗೆ, ಆ ಡೈರಿ ನನ್ನಲ್ಲಿರಲಿ. ಅಣ್ಣನ ಹಣ ಮನೆಯ ಹಣ" ಎಂದ. ತಪ್ಪು ಉದ್ದೇಶದಿಂದ ಹೇಳಿದನೆಂದು ನಾನು ಹೇಳಲಾರೆ. ಆದರೆ ಅದು ಮನೆಯ ಹಣವಲ್ಲ, ಮಯ್ಯಿತ್‌ನ ಆಸ್ತಿ. ಮೊದಲು ಸಾಲ ತೀರಬೇಕು, ನಂತರ ವಸಿಯ್ಯತ್, ಆಮೇಲೆ ಪಾಲು. ಸಾಲ ಎಂದಾಗ ಆಕೆ ಮೆಲ್ಲಗೆ ಒಂದು ಮಾತು ಹೇಳಿದರು. ವೀಸಾಕ್ಕೆಂದು ಪತಿ ಮಾರಿದ್ದು ಆಕೆಯ ಮಹ್ರ್‌ನ ಚಿನ್ನ. 'ಹೋಗಿ ದುಡಿದು ಮಾಡಿಸಿಕೊಡುತ್ತೇನೆ' ಎಂದಿದ್ದರಂತೆ. ಮಾಡಿಸಿರಲಿಲ್ಲ. ಎರಡು ವರ್ಷ ಆಕೆ ಇದನ್ನು ಯಾರಲ್ಲೂ ಹೇಳಿರಲಿಲ್ಲ. ಗಂಡನ ಹೆಸರು ಕೆಡುತ್ತದೆ ಎಂಬ ಭಯ. ಸಹೋದರಿಯರೇ, ಮರಳಿ ಕೊಡುವೆನೆಂದು ಪಡೆದ ಹೆಂಡತಿಯ ಚಿನ್ನ ಸಾಲವೇ. ಅದನ್ನು ತೀರಿಸುವುದರಿಂದ ಮಯ್ಯಿತ್‌ನ ಹೊರೆ ಇಳಿಯುತ್ತದೆಯೇ ಹೊರತು ಹೆಸರು ಕೆಡುವುದಿಲ್ಲ.

ಉಳಿದುದನ್ನು 24 ಭಾಗ ಮಾಡಿದರೆ ಪತ್ನಿಗೆ 3, ಒಬ್ಬಳೇ ಮಗಳಿಗೆ 12, ಬದುಕಿರುವ ತಾಯಿಗೆ 4. ತಂದೆ ಇಲ್ಲದ್ದರಿಂದ ಮಿಕ್ಕ 5 ಏಕೈಕ ಸಹೋದರನಾದ ಆ ಮೈದುನನಿಗೆ. ಅವನಿಗೂ ಹಕ್ಕಿದೆ, ಆದರೆ ಅಷ್ಟೇ. ಮಾರಿದಾಗ ಬರುವ ಲಾಭದ ಮೇಲೆ 2022ರ ಏಪ್ರಿಲಿನಿಂದ ಶೇಕಡಾ 30 ತೆರಿಗೆ ಇದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿದೆವು.

ಹಳೆಯ ಶಬ್ದಗಳನ್ನು ಎಷ್ಟು ಜನ ನೋಡಿದ್ದಾರೋ ಯಾರಿಗೆ ಗೊತ್ತು? ಅದಕ್ಕೆ ನಾಣ್ಯಗಳನ್ನು ಹೊಸ ವಾಲೆಟಿಗೆ ಸಾಗಿಸಿದ್ದಾಯಿತು. ಹೊಸ ಹನ್ನೆರಡು ಶಬ್ದಗಳನ್ನು ಆಕೆಯೇ ತನ್ನ ಕೈಯಿಂದ ಬರೆದರು. ಹುಡುಗ ಗೋಡೆಯ ಕಡೆ ಮುಖಮಾಡಿ ಕುಳಿತಿದ್ದ. ಪಾಲಿನ ಲೆಕ್ಕವನ್ನು ಜಮಾಅತಿನ ಖತೀಬರು ನೋಡಿ ಸರಿಯಿದೆ ಎಂದರು. ಅತ್ತೆ ಹೆಬ್ಬೆಟ್ಟು ಒತ್ತಿದ್ದಾರೆ. ಮೈದುನ ಚಿನ್ನದ ತೂಕದ ಬಗ್ಗೆ ತಕರಾರು ತೆಗೆದಿದ್ದಾನೆ. ನಿಕಾಹ್ ಪುಸ್ತಕದಲ್ಲಿ ಎಷ್ಟು ಪವನ್ ಬರೆದಿದೆಯೆಂದು ಈಗ ಹುಡುಕಿಸುತ್ತಿದ್ದೇವೆ.