ಮರಳುವ ದಾರಿಯೂ ಸಿದ್ಧವಿರಲಿ

ನಾಸಿಕ ಜಿಲ್ಲೆಯ ಸಟಾಣಾದಲ್ಲಿ, ಆರಮ್ ನದಿಯ ದಡದಲ್ಲಿ ದೇವ ಮಾಮಲೇದಾರರ ಗುಡಿಯಿದೆ. ಪರಿಚಯದ ಕನ್ನಡ ಕುಟುಂಬವೊಂದು ಕಳೆದ ಮಳೆಗಾಲದಲ್ಲಿ ಮಗನ ಪಾಸ್‌ಪೋರ್ಟನ್ನು ಅಲ್ಲಿಟ್ಟು ಪೂಜೆ ಮಾಡಿಸಿತು. ಹುಡುಗ ಮೂರೇ ದಿನದಲ್ಲಿ ಇಂಗ್ಲೆಂಡಿಗೆ ಹೊರಡುವವನಿದ್ದ. ಎರಡು ಪೆಟ್ಟಿಗೆಗಳಲ್ಲಿ ಕುಕ್ಕರು, ಉಣ್ಣೆಯಂಗಿ, ಶೇಂಗಾ ಚಟ್ನಿಪುಡಿ ಎಲ್ಲವೂ ಇದ್ದವು. 'ಇನ್ನೇನೂ ಬಾಕಿಯಿಲ್ಲ' ಎಂದರು ತಾಯಿ. ಬಾಕಿಯಿತ್ತು. ಅದನ್ನು ಆ ಹೊತ್ತಿನಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ. ಆದ್ದರಿಂದ ಈಗ ಬರೆಯುತ್ತಿದ್ದೇನೆ.

ಇಂದು ಸಿದ್ಧತೆಯೆಂದು ನಾವು ಕರೆಯುವುದೆಲ್ಲವೂ ವೀಸಾ ಕಚೇರಿಯ ಕಿಟಕಿಯವರೆಗಿನ ಸಿದ್ಧತೆ. ಭಾಷಾ ಪರೀಕ್ಷೆಗೆ ತರಬೇತಿ, ಉದ್ದೇಶಪತ್ರಕ್ಕೆ ಸಲಹೆಗಾರ, ಸಾಲಕ್ಕೆ ಜಮೀನಿನ ಉತಾರೆ. ಜರ್ಮನಿಯ ವೀಸಾ ಬೇಕೆಂದರೆ ಒಂದು ವರ್ಷದ ಖರ್ಚಿಗೆ 11,904 ಯೂರೋ ತೋರಿಸಬೇಕೆಂಬ ನಿಯಮ 2024ರ ಸೆಪ್ಟೆಂಬರಿನಲ್ಲಿ ಬಂತು. ಅದನ್ನು ಹೊಂದಿಸುವ ಬಗೆ ನಮಗೆ ಗೊತ್ತಿದೆ. ಆದರೆ ಅಲ್ಲಿ ಓದು ಹತ್ತದಿದ್ದರೆ, ದೇಹ ಸೋತರೆ, ಕೆಲಸ ಸಿಗದಿದ್ದರೆ ಮಗು ಏನು ಮಾಡಬೇಕು? ಈ ಪ್ರಶ್ನೆಯನ್ನು ಹೊರಡುವ ಮನೆಯಲ್ಲಿ ಎತ್ತಿದರೆ ಅಪಶಕುನವೆನ್ನುತ್ತೇವೆ. ನಾನು ಇದನ್ನು ಒಪ್ಪಲಾರೆ. ನೀರಿಗಿಳಿಯುವವನಿಗೆ ಸುಳಿಯ ಜಾಗ ತೋರಿಸುವುದು ಶಾಪವಲ್ಲ.

ಈ ಜಿಲ್ಲೆಗೇ ಸಂಬಂಧಿಸಿದ ಹಳೆಯ ಘಟನೆಯೊಂದಿದೆ. 1888ರಲ್ಲಿ ಮೋಹನದಾಸ ಗಾಂಧಿ ಲಂಡನ್ನಿಗೆ ಹೊರಟಾಗ ತಾಯಿಗೆ ಮೂರು ಪ್ರತಿಜ್ಞೆಗಳನ್ನು ಕೊಟ್ಟಿದ್ದರು. ಮುಂಬಯಿಯ ಜಾತಿಪಂಚಾಯಿತಿ ಅವರನ್ನು ಬಹಿಷ್ಕರಿಸಿ, ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿತು. 1891ರಲ್ಲಿ ಮರಳಿದ ತಮ್ಮನನ್ನು ಅಣ್ಣ ನಾಸಿಕಕ್ಕೆ ಕರೆತಂದು ಗೋದಾವರಿಯಲ್ಲಿ ಸ್ನಾನ ಮಾಡಿಸಿ, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದರು. ಬ್ಯಾರಿಸ್ಟರಾಗಿ ಬಂದವರೂ ಮನೆ ಸೇರಲು ನದಿಯಲ್ಲಿ ಮುಳುಗೇಳಬೇಕಾಯಿತು.

ಇದನ್ನು ಓದಿ ನಾವು ನಗುತ್ತೇವೆ. ನಗುವ ಅರ್ಹತೆ ನಮಗಿದೆಯೇ? ಆಗ ಹೋಗುವುದು ಪಾಪವಾಗಿತ್ತು. ಈಗ ಬರಿಗೈಯಲ್ಲಿ ಮರಳುವುದು ಪಾಪ. ಪದವಿ ಮುಗಿಸದೆ ಬಂದ ಹುಡುಗಿಗೆ ಯಾರೂ ದಂಡ ಹಾಕುವುದಿಲ್ಲ ನಿಜ. ಆದರೆ ಮದುವೆಮನೆಯಲ್ಲಿ, ಕನ್ನಡ ಸಂಘದ ರಾಜ್ಯೋತ್ಸವದಲ್ಲಿ 'ಯಾಕಮ್ಮ ಬಂದುಬಿಟ್ಟೆ?' ಎಂದು ಕೇಳುವ ನಾಲಗೆಗಳೇ ಇಂದಿನ ಪಂಚಾಯಿತಿ. ಆ ಪ್ರಶ್ನೆಗೆ ಹೆದರಿ ಮಕ್ಕಳು ಅಲ್ಲಿ ಮೌನವಾಗಿ ಮುಳುಗುತ್ತಾರೆ. ನಾಸಿಕದಲ್ಲಿ ಮಾಡಿಸಿದಂಥ ಒಂದು ಸ್ನಾನವೂ ಅವರ ಪಾಲಿಗಿಲ್ಲ.

ಸೋಲು ಸದಾ ಮಕ್ಕಳದ್ದೇ ಆಗಿರುವುದಿಲ್ಲ. ದೇಶಗಳು ನಿಯಮ ಬದಲಿಸುತ್ತವೆ. ಕೆನಡಾ 2024ರಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು. ಸ್ನಾತಕೋತ್ತರ ಪದವಿಯ ನಂತರ ಎರಡು ವರ್ಷ ಉಳಿದು ದುಡಿಯಲು ಕೊಟ್ಟ ಅವಕಾಶವನ್ನು ಬ್ರಿಟನ್, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ, ಹದಿನೆಂಟು ತಿಂಗಳಿಗೆ ಇಳಿಸಿದೆ. ಎರಡು ವರ್ಷದ ಲೆಕ್ಕ ಹಾಕಿ ಮಾಡಿದ ಸಾಲವನ್ನು ಒಂದೂವರೆ ವರ್ಷದಲ್ಲಿ ತೀರಿಸು ಎಂದರೆ ಯಾವ ಜಾಣ ಮಗ ತೀರಿಸಿಯಾನು?

ಆದ್ದರಿಂದ ಪೆಟ್ಟಿಗೆ ಕಟ್ಟುವ ಮೊದಲು ಮೂರು ಕೆಲಸ ಮಾಡೋಣ. ಮೊದಲನೆಯದು, ಸಾಲದ ಲೆಕ್ಕವನ್ನು ಮಗುವಿನೆದುರು ಕುಳಿತು ಬರೆಯುವುದು. ಕಂತು ಕಟ್ಟಬೇಕಿಲ್ಲದ ಓದಿನ ಅವಧಿಯಲ್ಲೂ ಬಡ್ಡಿ ಬೆಳೆಯುತ್ತಿರುತ್ತದೆ. ಬ್ರಿಟನ್ನಿನಲ್ಲಿ ಪದವಿ ಓದುವವರು ಪಾಠದ ದಿನಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆ ದುಡಿಮೆಯಿಂದ ಶುಲ್ಕ ಹುಟ್ಟುವುದಿಲ್ಲ. ಎರಡನೆಯದು, 'ನನ್ನಿಂದ ಆಗುತ್ತಿಲ್ಲ' ಎಂಬ ಮಾತನ್ನು ಕಲಿಸುವುದು. ಇಲ್ಲಿನ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಅಹಿರಾಣಿ, ಶಾಲೆಯಲ್ಲಿ ಮರಾಠಿ, ಇಂಗ್ಲಿಷು ಬರುತ್ತವೆ. ಈ ಒಂದು ವಾಕ್ಯವನ್ನು ಮಾತ್ರ ನಾವು ಯಾವ ಭಾಷೆಯಲ್ಲೂ ಹೇಳಿಕೊಟ್ಟಿಲ್ಲ. ಮೂರನೆಯದು, ಪ್ರತಿಜ್ಞೆ. ಈ ಸಲ ಅದನ್ನು ಮಾಡಬೇಕಾದವರು ಹಿರಿಯರು: ನೀನು ಯಾವಾಗ, ಯಾವ ಸ್ಥಿತಿಯಲ್ಲಿ ಬಂದರೂ ಬಾಗಿಲು ತೆರೆದಿರುತ್ತದೆ, ಮೊದಲ ದಿನ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ.

ಹೀಗೆ ಹೇಳಿದರೆ ಮಕ್ಕಳ ಛಲ ಕುಗ್ಗುತ್ತದೆ ಎನ್ನುವವರಿದ್ದಾರೆ. ಅವರು ಬಾಗ್ಲಾಣದ ದಾಳಿಂಬೆ ತೋಟಗಳನ್ನು ನೋಡಲಿ. ತೇಲ್ಯಾ ರೋಗ ಬಡಿದಾಗ ರೈತರು ಬೆಳೆದ ಗಿಡಗಳನ್ನೇ ಕಿತ್ತು ಮತ್ತೆ ನೆಟ್ಟಿದ್ದಾರೆ. ಗಿಡ ಕಿತ್ತವನಿಗೆ ಊರಿನವರು 'ಯಾಕೆ ಸೋತೆ?' ಎಂದು ಕೇಳಲಿಲ್ಲ. ಬೆಳೆಗೆ ತೋರುವ ವಿವೇಕವನ್ನು ಮಕ್ಕಳಿಗೇಕೆ ತೋರಬಾರದು?

ನಾವು ಯಾರ ಮುಂದೆ ಪಾಸ್‌ಪೋರ್ಟಿಟ್ಟು ಕೈಮುಗಿಯುತ್ತೇವೋ, ಆ ಯಶವಂತರಾವ್ ಇದೇ ಸಟಾಣಾದ ಮಾಮಲೇದಾರರಾಗಿದ್ದರು. ಬರಗಾಲದಲ್ಲಿ ಸರಕಾರದ ಖಜಾನೆಯನ್ನು ತೆರೆದು ಹಸಿದವರಿಗೆ ಹಂಚಿದರೆಂದು ಇಲ್ಲಿನ ಜನ ನೆನೆಯುತ್ತಾರೆ. ಹಣದ ಲೆಕ್ಕಕ್ಕಿಂತ ಜೀವ ದೊಡ್ಡದೆಂದುಕೊಂಡ ಮನುಷ್ಯನನ್ನು ಈ ಊರು ದೇವರಾಗಿಸಿತು. ಅವರ ಗುಡಿಯಲ್ಲಿ ಮಗನ ಯಶಸ್ಸನ್ನು ಬೇಡುವ ತಂದೆತಾಯಂದಿರು, ಹಾಕಿದ ಹಣವೆಲ್ಲ ಹೋದರೂ ಮಗನನ್ನು ಮನೆಗೆ ಕರೆದುಕೊಳ್ಳುವ ಎದೆಗಾರಿಕೆಯನ್ನೂ ಬೇಡಿಕೊಳ್ಳಲಿ.