ಹೆಸರಿಗೆ ಧಣಿ, ದುಡಿಮೆಗೆ ಆಳು

ಲಾರಿಯ ಡ್ರೈವರನು ಲಾರಿಯ ಮಾಲಿಕನಾಗಿಬಿಟ್ಟರೆ ಅವನ ಕಷ್ಟ ತೀರಿತೆಂದು ನಂಬುವವರು ಪುತ್ತೂರು, ಸುಳ್ಯ, ಕಡಬಗಳಲ್ಲಿ ಬಹಳ ಮಂದಿ ಇದ್ದಾರೆ. ಹತ್ತು ವರ್ಷ ಇನ್ನೊಬ್ಬರ ಗಾಡಿ ಓಡಿಸಿದವನು ಹೆಂಡತಿಯ ಬಂಗಾರ ಅಡವಿಟ್ಟು ಮೊದಲ ಹಣ ಹೊಂದಿಸುತ್ತಾನೆ. ಗಿರಣಿ ಬಿಟ್ಟ ಕೆಲಸಗಾರನು ಗ್ರಾಚ್ಯುಟಿಯ ದುಡ್ಡನ್ನೆಲ್ಲ ತಂದು ಅದಕ್ಕೆ ಸುರಿಯುತ್ತಾನೆ. ಉಳಿದುದಕ್ಕೆ ಫೈನಾನ್ಸ್ ಕಂಪೆನಿ. ಗಾಡಿಗೆ ಹೂಮಾಲೆ ಬೀಳುತ್ತದೆ, ಗಾಜಿನ ಮೇಲೆ ಮಗಳ ಹೆಸರು ಬರುತ್ತದೆ. ಲೋಡು ಬೇಕಲ್ಲ, ಅದಕ್ಕಾಗಿ ಯಾವುದಾದರೊಂದು ಸಾಗಾಟ ಕಂಪೆನಿಗೆ ಗಾಡಿಯನ್ನು 'ಅಟ್ಯಾಚ್' ಮಾಡಿಸುತ್ತಾನೆ. ಅಂದಿನಿಂದ ಅವನು ಓನರ್.

ಈ ಓನರ್‌ಗಿರಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ಬಾಡಿಗೆ ನಿಶ್ಚಯಿಸುವವನು ಅವನಲ್ಲ, ಕಂಪೆನಿ. ಯಾವ ಊರಿಗೆ, ಯಾವ ದಿನ, ಎಷ್ಟು ಟನ್ನು, ಎಲ್ಲವೂ ಕಂಪೆನಿಯ ಮಾತು. ಟಯರು, ವಿಮೆ, ಟೋಲು, ಡೀಸೆಲು ಮಾತ್ರ ಅವನವು. 2017ರ ಜೂನ್‌ನಲ್ಲಿ ಡೀಸೆಲಿನ ದರ ದಿನಕ್ಕೊಮ್ಮೆ ಬದಲಾಗುವ ಪದ್ಧತಿ ಬಂತು. ದಿನಕ್ಕೊಮ್ಮೆ ಬದಲಾಗುವ ಬಾಡಿಗೆಯನ್ನು ಯಾರೂ ತರಲಿಲ್ಲ. ಹೆಚ್ಚು ಭಾರ ಹೇರಿದರೆ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವೆಂದು 2019ರ ಮೋಟಾರು ವಾಹನ ತಿದ್ದುಪಡಿ ವಿಧಿಸಿತು. ಭಾರ ಹೇರಿಸಿದವರು ಗೋದಾಮಿನ ಫ್ಯಾನಿನ ಕೆಳಗೆ ಕುಳಿತಿರುತ್ತಾರೆ. ಚೆಕ್‌ಪೋಸ್ಟಿನಲ್ಲಿ ಕೈಕಟ್ಟಿ ನಿಲ್ಲುವವನು ಓನರ್.

ಮಳೆಗಾಲದ ಮಾತು ಇನ್ನೂ ಬೇರೆ. ನಮ್ಮ ಕಡೆಯಿಂದ ಘಟ್ಟ ಹತ್ತಬೇಕಾದರೆ ಕಡಬದವರಿಗೆ ಶಿರಾಡಿ, ಸುಳ್ಯದವರಿಗೆ ಸಂಪಾಜೆ. 2018ರಲ್ಲಿ ಕಾಂಕ್ರೀಟು ಹಾಕುವುದಕ್ಕಾಗಿ ಶಿರಾಡಿ ಜನವರಿಯಿಂದ ಜುಲೈಯವರೆಗೆ ಮುಚ್ಚಿತ್ತು. ತೆರೆದು ತಿಂಗಳಾಗುವಷ್ಟರಲ್ಲಿ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಪುನಃ ಮುಚ್ಚಿತು. ಅದೇ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಜಾರಿ ಮಡಿಕೇರಿಯ ದಾರಿಯೂ ಹೋಯಿತು. ಎರಡು ಬಾಗಿಲೂ ಒಮ್ಮೆಗೇ ಮುಚ್ಚಿದಾಗ ಲಾರಿಗಳು ಅಂಗಳದಲ್ಲಿ ನಿಂತವು. ಸಾಲದ ಕಂತಿಗೆ ಗುಡ್ಡ ಕುಸಿದದ್ದು ಗೊತ್ತಾಗುವುದಿಲ್ಲ. ಗಾಡಿ ತಿಂಗಳಿಗೆ ಹತ್ತು ಟ್ರಿಪ್ಪು ಓಡಿದರೂ ಕಂತು ಅಷ್ಟೇ, ಎರಡು ಓಡಿದರೂ ಅಷ್ಟೇ. ಕಂತು ತಪ್ಪಿದ ಗಾಡಿಯನ್ನು ಗೂಂಡಾಗಳನ್ನು ಬಿಟ್ಟು ಕಸಿಯಬಾರದೆಂದು ಸುಪ್ರೀಂ ಕೋರ್ಟು 2007ರಲ್ಲಿಯೇ ಹೇಳಿದೆ. ಆ ಮೊಕದ್ದಮೆಯೂ ಲಾರಿಯದೇ ಆಗಿತ್ತು. ಈ ತೀರ್ಪನ್ನು ತಿಳಿದ ಡ್ರೈವರುಗಳು ಎಷ್ಟು ಮಂದಿ?

ಇಷ್ಟನ್ನೆಲ್ಲ ನೋಡಿದಾಗ ನಮಗೆ ಬೀಡಿ ಕಟ್ಟುವ ಹೆಂಗಸರ ನೆನಪಾಗುತ್ತದೆ. ಅವರ ಮನೆ, ಅವರ ದೀಪ, ಅವರ ಕತ್ತರಿ; ಎಲೆ, ಹೊಗೆಸೊಪ್ಪು, ದರ ಮಾತ್ರ ಕಂಪೆನಿಯದು. 'ಅವರು ನಮ್ಮ ನೌಕರರಲ್ಲ, ಮನೆಯಲ್ಲಿ ಕೂತು ಸ್ವಂತ ಕೆಲಸ ಮಾಡುವವರು' ಎಂಬ ವಾದವನ್ನು ಮಾಲಿಕರು ಹೂಡಿದ್ದರು. ಮನೆಯಲ್ಲಿ ಕಟ್ಟುವವಳೂ ಕಾರ್ಮಿಕಳೇ ಎಂದು 1966ರ ಬೀಡಿ ಕಾರ್ಮಿಕರ ಕಾನೂನು ಒಪ್ಪಿತು. ಮಂಗಳೂರಿನ ಬೀಡಿ ಕಂಪೆನಿಯೊಂದು ಸುಪ್ರೀಂ ಕೋರ್ಟಿನ ತನಕ ಹೋಯಿತು. 1974ರಲ್ಲಿ ಕೋರ್ಟು ಕಾನೂನನ್ನೇ ಎತ್ತಿಹಿಡಿಯಿತು. ಲಾರಿಯವನಿಗೆ ಅಂಥ ದಿನ ಬರಲಿಲ್ಲ. ದಿನಕ್ಕೆ ಎಂಟು ಗಂಟೆಯ ದುಡಿಮೆ ಎಂದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾನೂನು ಐದು ಮಂದಿಗಿಂತ ಕಡಮೆ ಕೆಲಸಗಾರರಿದ್ದಲ್ಲಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ತನ್ನ ಗಾಡಿಯನ್ನು ತಾನೇ ಓಡಿಸುವವನು ಯಾರ ಲೆಕ್ಕದಲ್ಲಿಯೂ ಕಾರ್ಮಿಕನಾಗಲಿಲ್ಲ. ಆ ಎರಡು ಕಾನೂನುಗಳೂ ಈಗ 2020ರ ಸಂಹಿತೆಯೊಂದರಲ್ಲಿ ಲೀನವಾಗಿ, 2025ರ ನವೆಂಬರಿನಲ್ಲಿ ಅದು ಜಾರಿಗೆ ಬಂದಿದೆ.

ಹಾಗಾದರೆ ಅವನು ಮಾಲಿಕರ ಸಂಘಕ್ಕೆ ಸೇರಿದವನೇ? 2025ರ ಎಪ್ರಿಲಿನಲ್ಲಿ ಡೀಸೆಲ್ ದರದ ಏರಿಕೆಯನ್ನೂ ಟೋಲನ್ನೂ ವಿರೋಧಿಸಿ ರಾಜ್ಯದ ಲಾರಿ ಮಾಲಿಕರು ಮುಷ್ಕರ ಹೂಡಿದರು. ಬೇಡಿಕೆ ನ್ಯಾಯವಾದದ್ದೇ, ನಾವು ಅಲ್ಲಗಳೆಯುವುದಿಲ್ಲ. ಆದರೆ ನೂರು ಲಾರಿಯ ಧಣಿಯೂ ಒಂದೇ ಲಾರಿಯ ಡ್ರೈವರನೂ ಒಂದೇ ಸಾಲಿನಲ್ಲಿ ನಿಂತಾಗ, ಸಂಜೆಯ ಅಕ್ಕಿಯ ಚಿಂತೆ ಯಾರಿಗೆ?

ಅವನಿಗೆ ಬೇಕಾದದ್ದು ಅವನದೇ ಸಹಕಾರ. ಉದಾಹರಣೆಗೆ ದೂರ ಹೋಗಬೇಕಿಲ್ಲ. ಅಡಿಕೆಯ ದರ ಕುಸಿದಾಗ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟಿನ ಕಾರ್ಖಾನೆ ಎದ್ದಿತು. ಅಡಿಕೆ ಬೆಳೆದವನಿಗೆ ಸಾಧ್ಯವಾದದ್ದು ಅಡಿಕೆ ಹೊತ್ತವನಿಗೆ ಏಕೆ ಸಾಧ್ಯವಾಗಬಾರದು? ಕೊಪ್ಪದಲ್ಲಿ ಖಾಸಗಿ ಬಸ್ ಕಂಪೆನಿಯ ಕೆಲಸಗಾರರು 1991ರಲ್ಲಿ ತಾವೇ ಸಂಘ ಕಟ್ಟಿ 'ಸಹಕಾರ ಸಾರಿಗೆ' ಓಡಿಸಿದರು. ನಷ್ಟದ ಭಾರಕ್ಕೆ 2020ರಲ್ಲಿ ಆ ಬಸ್ಸುಗಳು ನಿಂತದ್ದನ್ನು ನಮ್ಮ ಮಿತ್ರರು ಕೆಲವರು ಬೆರಳು ತೋರಿಸಿ ಹೇಳುತ್ತಾರೆ. ಸುಮಾರು ಮೂರು ದಶಕ ಓಡಿದ್ದನ್ನು ಮಾತ್ರ ಹೇಳುವುದಿಲ್ಲ! ಲಾರಿಯವರು ಅಷ್ಟು ದೊಡ್ಡದಕ್ಕೆ ಕೈಹಾಕಬೇಕೆಂದೂ ಇಲ್ಲ. ಒಂದೊಂದು ಪೇಟೆಯ ಇಪ್ಪತ್ತು ಗಾಡಿಗಳವರು ಕೂಡಿ ಲೋಡನ್ನು ತಾವೇ ಬುಕ್ಕು ಮಾಡಲಿ. ಕಂಪೆನಿಗೇ ಹೋಗುವುದಾದರೆ ಕರಾರು ಕನ್ನಡದಲ್ಲಿ, ಬರಹದಲ್ಲಿ ಇರಲಿ: ಬಾಡಿಗೆ ಎಷ್ಟು, ಕಮಿಷನ್ ಎಷ್ಟು, ಬಾಕಿ ಎಷ್ಟು ದಿನದೊಳಗೆ, ಗೋದಾಮಿನ ಬಾಗಿಲಲ್ಲಿ ಕಾದ ದಿನಗಳಿಗೆ ಹಾಲ್ಟಿಂಗ್ ಎಷ್ಟು. ಗ್ರಾಚ್ಯುಟಿ ಹಣ ಹಿಡಿದು ಹೊರಟ ಗಿರಣಿಯ ಸಂಗಾತಿಗಳು ಈ ಕಾಗದ ಕೈಗೆ ಬರುವ ತನಕ ಶೋರೂಮಿನ ಮೆಟ್ಟಿಲು ಹತ್ತಬಾರದು.

ಅಂಗಡಿಯವರಿಗೂ ಒಂದು ಕೆಲಸವಿದೆ. ಸಾಗಾಟದ ರಸೀದಿಯಲ್ಲಿರುವ ಬಾಡಿಗೆಯನ್ನು ತೆರುವವರು ತಾವು. ಮುಂದಿನ ಸಲ ಸಾಮಾನು ಇಳಿಸಲು ಬಂದ ಲಾರಿಯವನಿಗೆ ಒಂದು ಚಾ ಕೊಟ್ಟು, 'ಇದರಲ್ಲಿ ನಿಮಗೆಷ್ಟು ಸಿಕ್ಕಿತು ಮಾರಾಯ್ರೆ?' ಎಂದು ಕೇಳಿ ನೋಡಿ. ಎರಡು ಅಂಕೆಗಳನ್ನೂ ನಮಗೆ ಬರೆದು ಕಳಿಸಿ. ಅಂಗಡಿಯ ಹೆಸರನ್ನಾಗಲಿ ಲಾರಿಯ ನಂಬರನ್ನಾಗಲಿ ನಾವು ಅಚ್ಚು ಹಾಕುವುದಿಲ್ಲ.